ಸ್ಟೂಲು ಹತ್ತದ ಐದು ವರ್ಷ

ಹಿತ್ತಲಿನ ಬಿಳಿ ಪೆಟ್ಟಿಗೆಯನ್ನು ನೋಡಲು ಕೇಂದ್ರ ಕಚೇರಿಯಿಂದ ಜನ ಬರುತ್ತಾರೆ ಎಂದು ಫೋನು ಬಂದ ದಿನದಿಂದ ಯಜಮಾನರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಪೆಟ್ಟಿಗೆಗೆ ಹೊಸದಾಗಿ ಬಣ್ಣ ಬಳಿದರು. ಸುತ್ತಲಿನ ಹುಲ್ಲನ್ನು ಕತ್ತರಿ ಹಿಡಿದು ಕೂತು ಕತ್ತರಿಸಿದರು. ಮಳೆ ಅಳೆಯುವ ತಾಮ್ರದ ಡಬ್ಬಿಯನ್ನು ಉಜ್ಜಿ ಉಜ್ಜಿ ಅದರಲ್ಲಿ ಮುಖ ಕಾಣುವ ಹಾಗೆ ಮಾಡಿದರು.

"ನನ್ನ ನೋಡೋಕೆ ನಿಮ್ಮ ಕಡೆಯೋರು ಬಂದಾಗ ನಮ್ಮಪ್ಪನೂ ಇಷ್ಟು ಸಿಂಗಾರ ಮಾಡಿರ್ಲಿಲ್ಲ," ಅಂದಳು ಪುಟ್ಟಕ್ಕ.

"ನಿನ್ನ ನೋಡೋಕೆ ಬಂದಾಗ ನಿಮ್ಮಪ್ಪನಿಗೆ ಧೈರ್ಯ ಇತ್ತು. ನನಗಿಲ್ಲ."

ಯಜಮಾನರು ನೀರು ಸರಬರಾಜಿನ ಕಚೇರಿಯಲ್ಲಿ ಪಂಪು ರಿಪೇರಿ ಮಾಡುತ್ತಿದ್ದವರು. ಹವಾಮಾನ ಇಲಾಖೆಯವರು ಅವರ ಹಿತ್ತಲಲ್ಲಿ ನಾಲ್ಕು ಕಾಲಿನ ಆ ಪೆಟ್ಟಿಗೆಯನ್ನು ನಿಲ್ಲಿಸಿ, ಒಳಗೆ ನಾಲ್ಕು ಥರ್ಮಾಮೀಟರು ಇಟ್ಟು, ಬೆಳಿಗ್ಗೆ ಎಂಟೂವರೆಗೆ ಒಂದು ಸಲ, ಸಂಜೆ ಐದೂವರೆಗೆ ಒಂದು ಸಲ ನೋಡಿ ಬರೆಯಿರಿ ಅಂದಿದ್ದರು. ಅವರು ಮೂವತ್ತೊಂದು ವರ್ಷ ಬರೆದರು. ವರ್ಷಕ್ಕೊಂದು ಪುಸ್ತಕ, ಮೂವತ್ತೊಂದು ಪುಸ್ತಕ. ಬೀದಿಯವರು ಅವರನ್ನು 'ಡಿಗ್ರಿ ಯಜಮಾನರು' ಅನ್ನುತ್ತಿದ್ದರು. ಕಾಲೇಜಿನ ಡಿಗ್ರಿ ಇಲ್ಲದವರಿಗೆ ಆ ಹೆಸರು ಸಿಕ್ಕಿದ್ದು ಅವರಿಗೆ ಒಳಗೊಳಗೇ ಖುಷಿ. ಅವರ ಹೆಂಡತಿಗೆ ಪುಟ್ಟಕ್ಕ ಎಂಬ ಹೆಸರು ಬಂದದ್ದು ಎತ್ತರದಿಂದ. ಮಾರುಕಟ್ಟೆಯ ಗುಂಪಿನಲ್ಲಿ ಅವಳು ಮೇಲೆತ್ತಿ ಹಿಡಿದ ಕೈಚೀಲ ಮೊದಲು ಕಾಣುತ್ತಿತ್ತು, ಆಮೇಲೆ ಅವಳು.

ಹೋದ ವರ್ಷ ಇಲಾಖೆಯವರು ಹಿತ್ತಲಲ್ಲಿ ತಾನೇ ಅಳೆದು ತಾನೇ ಸುದ್ದಿ ಕಳಿಸುವ ಕಂಬವೊಂದನ್ನು ನೆಟ್ಟರು. ಪುಸ್ತಕಗಳನ್ನೆಲ್ಲ ಗಾಡಿಯಲ್ಲಿ ಒಯ್ದು, ಪುಟಪುಟವನ್ನೂ ಫೋಟೋ ತೆಗೆದು ವಾಪಸು ತಂದುಕೊಟ್ಟರು. ಈಗ ಒಂದು ಕಾಗದ ಬಂದಿತ್ತು. ಮೂವತ್ತು ವರ್ಷ ಎಡೆಬಿಡದೆ ದಾಖಲೆ ಇರುವ ಕೇಂದ್ರಗಳನ್ನು 'ಆಧಾರ ಕೇಂದ್ರ' ಎಂದು ಪಟ್ಟಿ ಮಾಡುತ್ತಾರೆ, ಮುಂದೆ ಆ ಸೀಮೆಯ ಬಿಸಿಲು ಮಳೆಯ ಲೆಕ್ಕವೆಲ್ಲ ಅದರ ಮೇಲೆ ನಿಲ್ಲುತ್ತದೆ, ಅದಕ್ಕೆ ಮುಂಚೆ ಒಂದು ಪರಿಶೀಲನೆ. ಯಜಮಾನರು ಆ ಕಾಗದವನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಮಡಿಕೆ ಹರಿಯುವವರೆಗೆ ಓದಿದರು.

ಪರಿಶೀಲನೆಗೆ ಬಂದವಳು ಮೂವತ್ತರೊಳಗಿನ ಹುಡುಗಿ. ಬೆನ್ನಿಗೊಂದು ಚೀಲ, ಕೈಯಲ್ಲಿ ಸ್ಲೇಟಿನಂಥ ಟ್ಯಾಬ್ಲೆಟ್ಟು. ಚಪ್ಪಲಿಯನ್ನು ಜೋಡಿಸಿ ಬಿಟ್ಟಳು, ಕೊಟ್ಟ ಟೀಯನ್ನು ಬಿಸಿಯಿರುವಾಗಲೇ ಕುಡಿದಳು. ಇವಳು ಕೆಲಸದವಳು, ಮಾತಿನವಳಲ್ಲ ಎಂದು ಪುಟ್ಟಕ್ಕ ಅಷ್ಟರಲ್ಲೇ ಅಳೆದುಬಿಟ್ಟಳು.

"ನಿಮ್ಮ ಮೂವತ್ತೊಂದು ಪುಸ್ತಕಾನೂ ಕ್ಲೌಡ್‌ನಲ್ಲಿದೆ ಸರ್," ಅಂದಳು ಹುಡುಗಿ.

"ಮೋಡ ಎಣಿಸಿದವನ ಲೆಕ್ಕ ಮೋಡಕ್ಕೇ ಸೇರ್ತು ಅನ್ನಿ."

ಹುಡುಗಿ ನಕ್ಕಳು. ಹೋದ ಕಡೆಯಲ್ಲೆಲ್ಲ ಯಾರಾದರೊಬ್ಬರು ಈ ಮಾತು ಆಡಿಯೇ ಆಡುತ್ತಾರೆ ಎಂಬುದು ಆ ನಗುವಿನಲ್ಲೇ ಗೊತ್ತಾಗುತ್ತಿತ್ತು. "ಹೆಸರಷ್ಟೇ ಹಾಗೆ. ಇರೋದು ನೆಲದ ಮೇಲೇ, ದೊಡ್ಡ ಕಟ್ಟಡಗಳಲ್ಲಿ ಸಾಲುಸಾಲು ಕಂಪ್ಯೂಟರು. ಮೂರು ಊರಲ್ಲಿ ಮೂರು ಪ್ರತಿ. ಒಂದು ಕಡೆ ಬೆಂಕಿ ಬಿದ್ರೂ ಇನ್ನೆರಡು ಕಡೆ ಇರುತ್ತೆ."

"ಗೆದ್ದಲು?" ಕೇಳಿದಳು ಪುಟ್ಟಕ್ಕ. ಮೊದಲ ಎರಡು ಪುಸ್ತಕಗಳ ಮೂಲೆಯನ್ನು ಗೆದ್ದಲು ತಿಂದ ವರ್ಷ ಯಜಮಾನರು ಒಂದು ವಾರ ಸರಿಯಾಗಿ ಊಟ ಮಾಡಿರಲಿಲ್ಲ.

"ಗೆದ್ದಲು ಬರಲ್ಲ ಅಮ್ಮ. ಆ ಕಂಪ್ಯೂಟರೆಲ್ಲ ನಮ್ಮ ಕಚೇರೀದಲ್ಲ. ಬೇಕಾದಾಗ ಬೇಕಾದಷ್ಟು ಬಾಡಿಗೆಗೆ ತಗೋತೀವಿ, ಮುಗಿದ ಮೇಲೆ ಬಿಟ್ಟುಬಿಡ್ತೀವಿ."

"ಮದುವೆಗೆ ಪಾತ್ರೆ ತಂದ ಹಾಗೆ."

"ಹಾಗೇ! ಇನ್ನೂರ ಹದಿನಾಲ್ಕು ಕೇಂದ್ರ, ಒಂದೊಂದಕ್ಕೆ ಮೂವತ್ತು ನಲವತ್ತು ವರ್ಷ. ಪ್ರತಿ ಅಂಕೀನೂ ಅಕ್ಕಪಕ್ಕದ ಕೇಂದ್ರದ ಅಂಕಿ ಜೊತೆ ಹೋಲಿಸಿ ನೋಡೋಕೆ ನಲವತ್ತು ನಿಮಿಷ ಹಿಡೀತು. ಕೈಯಲ್ಲಿ ಮಾಡಿದ್ರೆ ನಾನು ರಿಟೈರ್ ಆದ್ರೂ ಮುಗೀತಿರ್ಲಿಲ್ಲ. ಯಾವುದಾದ್ರೂ ತಾರೀಕು ಹೇಳಿ, ತೋರಿಸ್ತೀನಿ."

ಪುಟ್ಟಕ್ಕ ಮಗಳು ಹುಟ್ಟಿದ ತಾರೀಕು ಹೇಳಿದಳು. ಬಾಯಿ ಮುಚ್ಚುವುದರೊಳಗೆ ಇಪ್ಪತ್ತೆಂಟು ವರ್ಷದ ಹಿಂದಿನ ಪುಟ ಗಾಜಿನ ಮೇಲೆ ಬಂತು. ಅದೇ ಗೀಟು, ಅದೇ ನೀಲಿ ಶಾಯಿ, ಅವಸರದಲ್ಲಿ ಒತ್ತಿದ ಹೆಬ್ಬೆರಳಿನ ಕಲೆ ಕೂಡ. ಕನಿಷ್ಠ ಹತ್ತೊಂಬತ್ತು, ಮಳೆ ಇಲ್ಲ, ಮೋಡ ಆಕಾಶದ ಎಂಟರಲ್ಲಿ ಮೂರು ಪಾಲು.

"ನೋಡಮ್ಮ, ನೋಡು," ಪುಟ್ಟಕ್ಕ ಬೆರಳಿಟ್ಟು ತೋರಿಸಿದಳು. "ನಾನು ಆಸ್ಪತ್ರೇಲಿ ಪ್ರಾಣ ಬಿಡ್ತಿದ್ದೀನಿ, ಇವರು ಇಲ್ಲಿ ಮೋಡ ಎಣಿಸ್ತಿದ್ದಾರೆ. ಇಷ್ಟು ದಿನ ಸಾಕ್ಷಿ ಇರ್ಲಿಲ್ಲ. ಈಗ ಮೂರು ಊರಲ್ಲಿದೆ."

"ಎಂಟೂವರೆಗೆ ಬರೆದೆ, ಒಂಬತ್ತಕ್ಕೆ ಆಸ್ಪತ್ರೇಲಿದ್ದೆ. ಅವಳು ಹುಟ್ಟಿದ್ದು ಹನ್ನೊಂದಕ್ಕೆ," ಅಂದರು ಯಜಮಾನರು. ಆದರೆ ಅವರ ಕಣ್ಣು ಆ ಪುಟದ ಮೇಲೇ ಇತ್ತು. ಪುಸ್ತಕದ ರಾಶಿಯಲ್ಲಿ ಒಂದು ದಿನವನ್ನು ಹುಡುಕಲು ತಮಗೆ ಅರ್ಧ ಗಂಟೆ ಬೇಕಾಗುತ್ತಿತ್ತು. ಇದು ಕೇಳುವ ಮೊದಲೇ ಎತ್ತಿಟ್ಟುಕೊಂಡು ಕಾದಂತಿತ್ತು.

ಆಮೇಲೆ ಹುಡುಗಿ ಇನ್ನೊಂದು ಚಿತ್ರ ತೆಗೆದಳು. ಮೂವತ್ತೊಂದು ವರ್ಷವೂ ಒಂದು ಉದ್ದನೆಯ ಪಟ್ಟಿ. ಪಟ್ಟಿಯೆಲ್ಲ ಹಸಿರು. ನಡುವೆ ಎರಡು ಬೆರಳಗಲ ಕೆಂಪು.

"ಇದಕ್ಕೇ ನಾನು ಬಂದಿದ್ದು ಸರ್. ಈ ಐದು ವರ್ಷ ನಾಲ್ಕು ತಿಂಗಳು. ನಿಮ್ಮ ಉಷ್ಣಾಂಶ ನಿಜವಾಗಿ ಇರಬೇಕಾದ್ದಕ್ಕಿಂತ ಕಮ್ಮಿ ಇದೆ. ಪಾಯಿಂಟ್ ಮೂರು, ಪಾಯಿಂಟ್ ನಾಲ್ಕು. ಅಷ್ಟೇ."

"ಅಷ್ಟೇ ಅಂತೀಯಲ್ಲಮ್ಮ! ಥರ್ಮಾಮೀಟರು ಕೆಟ್ಟಿರ್ಬೇಕು."

"ಕೆಟ್ಟಿದ್ರೆ ಎಲ್ಲಾ ದಿನಾನೂ ಒಂದೇ ಸಮ ಕಮ್ಮಿ ತೋರಿಸ್ಬೇಕಿತ್ತು. ಹಾಗಿಲ್ಲ. ಚಳಿ ದಿನ ತಪ್ಪು ಕಮ್ಮಿ, ಬಿಸಿಲು ಏರಿದ ಹಾಗೆ ತಪ್ಪೂ ಏರುತ್ತೆ."

"ಹಾಗಾದ್ರೆ ಮರದ ನೆರಳು ಬಿದ್ದಿರುತ್ತೆ."

"ನೆರಳು ಬಿದ್ರೆ ನಾಲ್ಕೂ ಥರ್ಮಾಮೀಟರಿಗೆ ಬೀಳ್ಬೇಕಲ್ವಾ ಸರ್? ಪೆಟ್ಟಿಗೇಲಿ ಎರಡು ನಿಂತಿವೆ, ಎರಡು ಮಲಗಿವೆ. ಮಲಗಿರೋದ್ರಲ್ಲಿ ಒಂದು ಚೂರೂ ತಪ್ಪಿಲ್ಲ. ನಿಂತಿರೋದ್ರಲ್ಲಿ ಮಾತ್ರ. ಶುರುವಾಗಿದ್ದು ಒಂದು ಮಂಗಳವಾರ." ಅವಳು ತಾರೀಕು ಓದಿದಳು.

ಗೋಡೆಗೆ ಒರಗಿ ನಿಂತಿದ್ದ ಪುಟ್ಟಕ್ಕ ಖಾಲಿ ಲೋಟಗಳನ್ನು ಎತ್ತಿಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಅವಳು ಮುಟ್ಟಿಕೊಂಡದ್ದು ಸೊಂಟವನ್ನು.

"ಇನ್ನೂ ಒಂದಿದೆ," ಹುಡುಗಿ ಮಾತು ಮುಂದುವರಿಸಿದಳು, ಸ್ವಲ್ಪ ಮೆಲ್ಲಗೆ. "ಅದಕ್ಕೆ ಎಂಟು ತಿಂಗಳು ಮುಂಚೆ ಇನ್ನೊಂದು ಬದಲಾವಣೆ ಆಗಿದೆ. ಅಲ್ಲೀವರೆಗೂ ಪಾಯಿಂಟ್ ಆದ ಮೇಲೆ ಬರೋ ಅಂಕಿ ಸೊನ್ನೆ, ಇಲ್ಲಾ ಐದು. ಅವೇ ಜಾಸ್ತಿ. ಆ ದಿನದಿಂದ ಮೂರೂ ಬರುತ್ತೆ, ಏಳೂ ಬರುತ್ತೆ, ಒಂಬತ್ತೂ ಬರುತ್ತೆ, ಎಲ್ಲಾ ಸಮಸಮ. ಆರು ವರ್ಷ ಆದ ಮೇಲೆ ಮತ್ತೆ ಸೊನ್ನೆ, ಐದು. ಬೇಜಾರು ಮಾಡ್ಕೋಬೇಡಿ ಸರ್. ಆ ಆರು ವರ್ಷ ಓದಿದ್ದು ಬೇರೆ ಕಣ್ಣು ಅನ್ನುತ್ತೆ ಪ್ರೋಗ್ರಾಂ."

ಯಜಮಾನರ ಮುಖ ಕೆಂಪಾಯಿತು. "ಎಲ್ಲೋ ಕೂತ ಕಂಪ್ಯೂಟರಿಗೆ ನನ್ನ ಹಿತ್ತಲಲ್ಲಿ ಯಾರ ಕಣ್ಣಿತ್ತು ಅಂತ ಗೊತ್ತಾ? ಸಹಿ ಯಾರದ್ದಿದೆ ನೋಡಿ."

"ನಿಮ್ಮದೇ ಇದೆ."

"ಅಷ್ಟೇ ಮತ್ತೆ. ಓದಿದ್ದೂ ನಾನೇ."

"ಸರಿ ಸರ್. ಆದ್ರೆ ಕಾರಣ ಗೊತ್ತಾಗ್ದೆ ಇದ್ರೆ ನಿಯಮದ ಪ್ರಕಾರ ಕೆಂಪು ಭಾಗ ತೆಗೀಬೇಕು. ತೆಗೆದ್ರೆ ಮೂವತ್ತು ವರ್ಷ ಆಗಲ್ಲ, ಪಟ್ಟೀಲಿ ಬರಲ್ಲ. ಗೊತ್ತಾದ್ರೆ ನಿಮ್ಮ ಅಂಕಿ ಹಾಗೇ ಇಟ್ಟು, ಪಕ್ಕದಲ್ಲಿ ತಿದ್ದಿದ್ದು ಹಾಕಿ, ಯಾಕೆ ತಿದ್ದಿದ್ವಿ ಅಂತ ಬರೀತೀವಿ. ನನಗೂ ಉಳಿಸ್ಕೊಳ್ಳೋ ಆಸೆ. ಬಿಸಿಲು ವಿಪರೀತ ಆಗೋ ಮುಂಚೆ ಜನಕ್ಕೆ ಎಚ್ಚರಿಕೆ ಕೊಡೋ ಲೆಕ್ಕಕ್ಕೆ ಈ ಸೀಮೇಲಿ ಇಷ್ಟು ಹಳೇದು ಇರೋದು ನಿಮ್ಮದೊಂದೇ. ಇವತ್ತು ಸಂಜೆ ಐದಕ್ಕೆ ಪಟ್ಟಿ ಮುಚ್ಚುತ್ತೆ."

ಯಜಮಾನರು ಜೇಬಿನ ಕಾಗದವನ್ನು ತೆಗೆದರು, ನೋಡಿದರು, ಮತ್ತೆ ಒಳಗಿಟ್ಟರು.

ಪುಟ್ಟಕ್ಕ ಅಡುಗೆಮನೆಯಲ್ಲಿ ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದಳು.

ಸುಳ್ಳು ಒಂದಲ್ಲ, ಎರಡು. ಮೊದಲನೆಯದು ಇಬ್ಬರದೂ. ಹತ್ತೊಂಬತ್ತು ವರ್ಷದ ಹಿಂದೆ ಯಜಮಾನರ ಕಣ್ಣಿಗೆ ಪೊರೆ ಬಂತು. ಪಂಪಿನ ನಟ್ಟು ಬೋಲ್ಟನ್ನು ಕೈಯೇ ಗುರುತಿಸುತ್ತಿತ್ತು, ಆದರೆ ಥರ್ಮಾಮೀಟರಿನ ಕೂದಲೆಳೆಯಂಥ ಗೀಟುಗಳು ಕಾಣದಾದವು. ಆಪರೇಷನ್ ಮಾಡಿಸಿ ಅಂದರೆ ಆ ಮನುಷ್ಯನಿಗೆ ಕತ್ತಿಯ ಭಯ. ಇಲಾಖೆಗೆ ಹೇಳಿದರೆ ಪೆಟ್ಟಿಗೆ ಬೇರೆಯವರ ಹಿತ್ತಲಿಗೆ ಹೋಗುತ್ತದೆ. ಕೊನೆಗೆ ಪುಟ್ಟಕ್ಕ ಓದಿ ಕೂಗುವುದು, ಅವರು ಜಗಲಿಯಲ್ಲಿ ಕೂತು ಭೂತಗನ್ನಡಿ ಹಿಡಿದು ಬರೆಯುವುದು ಎಂದಾಯಿತು. ಪೆಟ್ಟಿಗೆ ಅವಳ ಎತ್ತರಕ್ಕೆ ಮೀರಿದ್ದು. ಅದಕ್ಕೆ ಅವರೇ ಕೂತು ಎರಡು ಮೆಟ್ಟಿಲಿನ ಸ್ಟೂಲು ಮಾಡಿಕೊಟ್ಟರು. "ಕಣ್ಣು ಪಾದರಸದ ತುದಿಗೆ ಸಮ ಇರ್ಬೇಕು. ಕೆಳಗಿಂದ ನೋಡಿದ್ರೆ ಕಮ್ಮಿ ಕಾಣುತ್ತೆ," ಎಂದು ಒಂದು ಸಲವಲ್ಲ, ನೂರು ಸಲ ಹೇಳಿದ್ದರು.

ಎರಡನೆಯ ಸುಳ್ಳು ಅವಳೊಬ್ಬಳದು. ಎಂಟು ತಿಂಗಳು ನಿಷ್ಠೆಯಿಂದ ಹತ್ತಿದಳು. ಆ ಮಂಗಳವಾರ ಬೆಳಿಗ್ಗೆ, ಹಿಂದಿನ ರಾತ್ರಿಯಿಡೀ ಸುರಿದ ಮಳೆಗೆ ಸ್ಟೂಲು ನೆನೆದಿತ್ತು. ಮೇಲಿನ ಮೆಟ್ಟಿಲಲ್ಲಿ ಕಾಲು ಜಾರಿತು. ಸೊಂಟ ಕಲ್ಲಿಗೆ ಬಡಿಯಿತು. ಬಿದ್ದಲ್ಲಿಂದಲೇ ಅಂಕಿ ಕೂಗಿದಳು. ಸೊಂಟ ಯಾಕೆ ಹಿಡಿದಿದೆ ಅಂದದ್ದಕ್ಕೆ ಬಚ್ಚಲಲ್ಲಿ ಜಾರಿದೆ ಅಂದಳು. ಆಮೇಲೆ ಆ ಸ್ಟೂಲಿನ ಮೇಲೆ ಕಾಲಿಡಲು ಧೈರ್ಯ ಬರಲಿಲ್ಲ. ದಿನಾ ಅದನ್ನು ಕಲ್ಲಿನ ಮೇಲೆ ದರದರ ಎಳೆಯುತ್ತಿದ್ದಳು, ಜಗಲಿಗೆ ಕೇಳಲಿ ಎಂದು. ಮೆಟ್ಟಿಲ ಮೇಲೆ ಕೈಯಿಂದ ಎರಡು ಸಲ ಧಪ್ ಧಪ್ ಅನ್ನಿಸುತ್ತಿದ್ದಳು. ಆಮೇಲೆ ನೆಲದ ಮೇಲೆ ನಿಂತು, ಕತ್ತು ಎತ್ತಿ, ಓದುತ್ತಿದ್ದಳು. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದರೆ ಆಕಾಶವೇನು ಬಿದ್ದು ಹೋಗುತ್ತದೆಯೇ ಅಂದುಕೊಂಡಿದ್ದಳು. ಕೊನೆಗೆ ಯಜಮಾನರು ಧೈರ್ಯ ಮಾಡಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಮತ್ತೆ ತಾವೇ ಓದಲು ಶುರುಮಾಡುವವರೆಗೆ ಹೀಗೇ ನಡೆಯಿತು.

ಜೊತೆಗೆ ಬಾಳಿದ ಗಂಡನಿಗೆ ಆ ಸದ್ದು ಸಾಕಾಗಿತ್ತು. ಮುಖ ನೋಡದ, ಹಿತ್ತಲು ಮೆಟ್ಟದ ಒಂದು ಲೆಕ್ಕಕ್ಕೆ ಸಾಕಾಗಲಿಲ್ಲ. ಅವಳು ಕತ್ತೆತ್ತಿದ್ದನ್ನು ಅದು ಕಂಡುಹಿಡಿದಿತ್ತು, ಬಿದ್ದ ದಿನ ಸಮೇತ. ಪುಟ್ಟಕ್ಕನಿಗೆ ಕೋಪ ಬರಬೇಕಿತ್ತು. ಬಂದದ್ದು ಒಂಥರಾ ಬೆರಗು. ತನ್ನ ಸೊಂಟನೋವಿಗೂ ಎಲ್ಲೋ ಒಂದು ಗೀಟು ಬಿದ್ದಿದೆಯಲ್ಲ!

ಹೇಳಿದರೆ ಯಜಮಾನರ ಮಾನ ಹೋಗುತ್ತದೆ. ಹೇಳದಿದ್ದರೆ ಅವರ ಮೂವತ್ತೊಂದು ವರ್ಷ ಹೋಗುತ್ತದೆ. ಅವಳು ಕೈ ಒರೆಸಿಕೊಂಡು ಹಿತ್ತಲಿಗೆ ಹೋದಳು.

ಸ್ಟೂಲು ಬಾವಿಕಟ್ಟೆಯ ಪಕ್ಕದಲ್ಲಿ ಹೂವಿನ ಕುಂಡ ಹೊತ್ತುಕೊಂಡು ನಿಂತಿತ್ತು. ಕುಂಡ ಇಳಿಸಿ, ಮಣ್ಣು ಒರೆಸಿ, ಅದನ್ನು ಕಲ್ಲಿನ ಮೇಲೆ ಎಳೆದಳು. ದರದರ. ಪೆಟ್ಟಿಗೆಯ ಮುಂದೆ ನಿಲ್ಲಿಸಿ ಕೈಯಿಂದ ಹೊಡೆದಳು. ಧಪ್. ಧಪ್.

ಆ ಸದ್ದಿಗೆ ಯಜಮಾನರು ಜಗಲಿಯಿಂದ ಎದ್ದು ಬಂದರು. ಹಿಂದೆ ಹುಡುಗಿ. ಹೆಂಡತಿ ನೆಲದ ಮೇಲೆ ನಿಂತಿದ್ದಳು, ಕೈ ಸ್ಟೂಲಿನ ಮೇಲಿತ್ತು.

"ಹೀಗೆ," ಅಂದಳು ಪುಟ್ಟಕ್ಕ. "ಐದು ವರ್ಷ ಹೀಗೇ ಮಾಡಿದ್ದು. ಬರ್ಕೋಮ್ಮ. ಇವರಿಗೆ ಕಣ್ಣಿಗೆ ಪೊರೆ ಬಂದಿತ್ತು. ಓದ್ತಿದ್ದೋಳು ನಾನು. ಮೊದಲು ಸ್ಟೂಲು ಹತ್ತಿ ಓದ್ತಿದ್ದೆ. ಆ ಮಂಗಳವಾರ ಮೇಲಿಂದ ಬಿದ್ದೆ. ಆಮೇಲೆ ಹತ್ತಲಿಲ್ಲ."

ಪುಟ್ಟಕ್ಕ ಗಂಡನ ಮುಖ ನೋಡಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬುದು ಅವರ ಬಾಯಲ್ಲಿ ದಿನಕ್ಕೊಮ್ಮೆ ಬರುವ ಗಾದೆ. ಈಗ ಅದೇ ಬರುತ್ತದೆ ಎಂದು ಕಾದಳು.

"ಎಲ್ಲಿಗೆ ಪೆಟ್ಟಾಯ್ತು?" ಅಂದರು ಯಜಮಾನರು.

"ಈಗ ಕೇಳ್ತೀರಾ? ಹದಿನೆಂಟು ವರ್ಷ ಆಯ್ತು."

"ಈಗಲ್ವೇನೇ ಗೊತ್ತಾಗಿದ್ದು! ಎಲ್ಲಿಗೆ?"

"ಸೊಂಟಕ್ಕೆ."

"ಬಚ್ಚಲು ಅಂದಿದ್ದೆ. ನಾನು ಬಚ್ಚಲಿಗೆ ಒರಟು ಕಲ್ಲು ಹಾಕಿಸ್ದೆ."

"ಹಾಕಿಸಿದ್ರಿ. ಒಳ್ಳೇದಾಯ್ತು, ಜಾರಲ್ಲ."

"ಹೇಳೋದಕ್ಕೇನಾಗಿತ್ತು ನಿನಗೆ?"

"ಹೇಳಿದ್ರೆ ನೀವು ಆ ಕಣ್ಣಲ್ಲೇ ಓದೋಕೆ ಹೋಗ್ತಿದ್ರಿ. ಇಲ್ಲಾ ಪೆಟ್ಟಿಗೆ ವಾಪಸು ಕೊಡ್ತಿದ್ರಿ. ಎರಡೂ ನನಗೆ ಬೇಡವಾಗಿತ್ತು."

ಯಜಮಾನರು ಹುಡುಗಿಯ ಕಡೆ ತಿರುಗಿ, "ಓದಿದ್ದು ನಾನಲ್ಲ ಅಂತ ಬರ್ಕೊಳ್ಳಿ. ಸುಳ್ಳು ಹೇಳ್ದೆ," ಅಂದರು. ಎರಡು ಮಾತು ಹೇಳಲು ಆ ಮನುಷ್ಯ ಎಷ್ಟು ಭಾರ ಎತ್ತಬೇಕಾಯಿತು ಎಂಬುದು ಪುಟ್ಟಕ್ಕನಿಗೊಬ್ಬಳಿಗೇ ಗೊತ್ತಾಯಿತು.

ಹುಡುಗಿಯ ಕಣ್ಣು ಹೊಳೆಯುತ್ತಿತ್ತು. "ಮಾತಲ್ಲಿ ಬರೆದ್ರೆ ಸಾಲದು ಸರ್. ಅಳೆದು ನೋಡೋಣ. ಥರ್ಮಾಮೀಟರು ಅದೇ ಇದೆಯಲ್ವಾ? ಅಮ್ಮ, ಮೊದಲು ನೆಲದ ಮೇಲಿಂದ ಓದಿ."

ಪುಟ್ಟಕ್ಕ ಪೆಟ್ಟಿಗೆಯ ಬಾಗಿಲು ತೆಗೆದು ಕತ್ತೆತ್ತಿದಳು. ವರ್ಷಗಟ್ಟಲೆ ಬಿಟ್ಟಿದ್ದರೂ ಕಣ್ಣು ತಾನಾಗಿ ಗೀಟು ಹುಡುಕಿತು. "ಮೂವತ್ತೊಂದು ಪಾಯಿಂಟ್ ಎರಡು."

"ಈಗ ಸ್ಟೂಲು ಹತ್ತಿ."

"ತಡಿ," ಅಂದರು ಯಜಮಾನರು. ಮಂಡಿಯೂರಿ ಕೂತು ಸ್ಟೂಲಿನ ಎರಡು ಕಾಲನ್ನೂ ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದರು. "ಹತ್ತು. ನನ್ನ ತಲೆ ಹಿಡ್ಕೋ."

ಅವರ ಬೋಳುತಲೆಯ ಮೇಲೆ ಕೈಯೂರಿ ಪುಟ್ಟಕ್ಕ ಒಂದು ಮೆಟ್ಟಿಲು ಹತ್ತಿದಳು, ಇನ್ನೊಂದು ಹತ್ತಿದಳು. ಪಾದರಸದ ತುದಿ ಕಣ್ಣಿಗೆ ಸಮನಾಗಿ ಬಂತು. "ಮೂವತ್ತೊಂದು ಪಾಯಿಂಟ್ ಆರು," ಅಂದಳು.

ಹುಡುಗಿ ಟ್ಯಾಬ್ಲೆಟ್ಟನ್ನು ತಿರುಗಿಸಿ ಹಿಡಿದಳು. ಹೋದ ವಾರವೇ ಆ ಪ್ರೋಗ್ರಾಂ ಬರೆದಿಟ್ಟ ಪಟ್ಟಿ ಅದು. ಇಷ್ಟು ಬಿಸಿಗೆ ಇಷ್ಟು ತಪ್ಪು ಎಂದು. ಮೂವತ್ತೊಂದು ಡಿಗ್ರಿಯ ಎದುರಿಗೆ ಇದ್ದದ್ದು ಪಾಯಿಂಟ್ ನಾಲ್ಕು.

"ಅಬ್ಬಾ!" ಅಂದರು ಯಜಮಾನರು, ಕೂತಲ್ಲಿಂದಲೇ. ತಮ್ಮ ತಪ್ಪು ಹಿಡಿದವನ ಕೆಲಸವನ್ನೂ ಕೆಲಸ ಎಂದು ಮೆಚ್ಚುವ ಗುಣ ಪಂಪು ಬಿಚ್ಚಿ ಜೋಡಿಸಿದವರಿಗೆ ಇರುತ್ತದೆ. "ಬಿಸಿ ಏರಿದ್ರೆ ಪಾದರಸ ಮೇಲೇರುತ್ತೆ. ಮೇಲೇರಿದಷ್ಟೂ ಇವಳು ಕತ್ತೆತ್ಬೇಕು. ಕತ್ತೆತ್ತಿದಷ್ಟೂ ತಪ್ಪು. ಮಲಗಿರೋದನ್ನ ಓದೋಕೆ ಎತ್ತರ ಬೇಕಿಲ್ಲ, ಅದಕ್ಕೆ ಅದ್ರಲ್ಲಿ ಸರಿ ಇದೆ. ಎಲ್ಲಾ ಅಂಕಿಯಿಂದಲೇ ಹಿಡೀತಲ್ಲಮ್ಮ, ಎಲ್ಲಾ ಅಂಕಿಯಿಂದಲೇ!"

"ಇನ್ನೊಂದೂ ಹಿಡಿದಿದೆ," ಅಂದಳು ಪುಟ್ಟಕ್ಕ ಮೇಲಿನಿಂದ. "ಸೊನ್ನೆ, ಐದು. ನನಗೆ ಮಾತ್ರ ಕೂದಲೆಳೆ ಲೆಕ್ಕ ಹೇಳಿಕೊಟ್ಟು, ತಾವು ಅರ್ಧ ಅರ್ಧ ಡಿಗ್ರೀಲಿ ಅಂಗಡಿ ಮುಚ್ಚಿದ್ದಾರೆ."

"ಕೆಲಸಕ್ಕೆ ಹೊತ್ತಾಗ್ತಿತ್ತು ಕಣೇ."

"ನನಗೆ ಮನೇಲಿ ಕೆಲಸವೇ ಇರ್ಲಿಲ್ಲ, ಅಲ್ವಾ?"

ಹುಡುಗಿ ನಗು ತಡೆಯಲಾರದೆ ಆ ಕಡೆ ತಿರುಗಿದಳು. "ಸರ್, ಅಮ್ಮನ ಅಂಕಿಗೆ ಆ ಪಾಯಿಂಟ್ ಮೂರೋ ನಾಲ್ಕೋ ಸೇರಿಸಿದ್ರೆ ನಿಮ್ಮ ಮೂವತ್ತೊಂದರಲ್ಲಿ ಅತಿ ಶುದ್ಧವಾದ ವರ್ಷಗಳು ಅವೇ ಆಗ್ತವೆ. ಒಂದು ದಿನಾನೂ ಬಿಟ್ಟಿಲ್ಲ. ಬಿದ್ದ ದಿನಾನೂ ಬಿಟ್ಟಿಲ್ಲ."

ಪುಟ್ಟಕ್ಕ ಇಳಿದಳು. ಇಳಿಯುವಾಗ ಅವಳಿಗೆ ಗಂಡನ ತಲೆ ಬೇಕಾಗಲಿಲ್ಲ, ಆದರೂ ಹಿಡಿದುಕೊಂಡಳು.

ಇನ್ನು ಉಳಿದದ್ದು ಬರೆಯುವುದು. ಹುಡುಗಿ ಬಾವಿಕಟ್ಟೆಯ ಮೇಲೆ ಕೂತು ಖಾನೆಗಳನ್ನು ಒಂದೊಂದಾಗಿ ತುಂಬಿದಳು. ಬದಲಾವಣೆಯ ತಾರೀಕು. ಕಾರಣ. ಸಾಕ್ಷಿ. ವೀಕ್ಷಕರು ಎಂಬಲ್ಲಿ ಒಬ್ಬರ ಬದಲು ಇಬ್ಬರು. ಗಂಟೆ ಮೂರೂ ಆಗಿರಲಿಲ್ಲ.

"ಇದೊಂದು ಬೇಕು. ಎರಡನೇ ವೀಕ್ಷಕರ ಕಣ್ಣಿನ ಎತ್ತರ, ನೆಲದಿಂದ. ತಿದ್ದೋ ಲೆಕ್ಕಕ್ಕೆ ಅದೇ ಆಧಾರ."

ಯಜಮಾನರು ಒಳಗೆ ಹೋಗಿ ತಮ್ಮ ಉಕ್ಕಿನ ಟೇಪು ತಂದರು. ಪುಟ್ಟಕ್ಕ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಜನ್ಮವಿಡೀ ಜನ ಎತ್ತರವನ್ನು ಆಡಿಕೊಂಡಿದ್ದರು. ಈಗ ಅದು ಮೂರು ಊರಲ್ಲಿ ಮೂರು ಪ್ರತಿಯಾಗಿ ಉಳಿಯುತ್ತದೆ ಅಂದರೆ ಯಾರಿಗಾದರೂ ಒಂದು ಚೂರು ಆಸೆ ಆಗದೆ ಇರುತ್ತದೆಯೇ?

"ಹಿಮ್ಮಡಿ ಇಳಿಸು," ಅಂದರು ಯಜಮಾನರು.

"ಇಳಿಸಿದ್ದೀನಿ."

"ಇಳಿಸಿಲ್ಲ. ಇಳಿಸೇ. ಇದು ದಾಖಲೆ."

ಅವಳು ಇಳಿಸಿದಳು. ಅವರು ನೆಲದಿಂದ ಟೇಪು ಎಳೆದು, ಅವಳ ಕಣ್ಣಿನ ನೇರಕ್ಕೆ ಬಾಗಿ, ತಮ್ಮ ಕಣ್ಣನ್ನು ಗೀಟಿಗೆ ಸಮ ಮಾಡಿಕೊಂಡು, ಬಹಳ ಹೊತ್ತು ನೋಡಿದರು. ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು ಅವರು ತನ್ನನ್ನು ನೋಡಿದ್ದು ಯಾವಾಗ ಎಂದು ಪುಟ್ಟಕ್ಕ ನೆನಪು ಮಾಡಿಕೊಳ್ಳಲು ಹೋಗಿ, ನಗು ಬಂದು ಬಿಟ್ಟುಬಿಟ್ಟಳು.

"ಅಲ್ಲಾಡ್ಬೇಡ."

ಹುಡುಗಿ ದೂರದಿಂದಲೇ ಟೇಪಿನ ಕಡೆ ಇಣುಕಿದಳು. "ನೂರ ಮೂವತ್ತೈದು ಅಂತ ಹಾಕ್ಲಾ ಸರ್?"

"ಮೂವತ್ತೈದು ಯಾಕೆ ಹಾಕ್ತೀಯಮ್ಮ?" ಅಂದರು ಯಜಮಾನರು, ಗೀಟಿನಿಂದ ಕಣ್ಣು ತೆಗೆಯದೆ. "ನೂರ ಮೂವತ್ತಾರು ಪಾಯಿಂಟ್ ಮೂರು. ಆ ಮೂರನ್ನ ಬಿಡಬೇಡ."